ಫುಗಾಜಿ (ಸಂಗೀತ ತಂಡ)

ಫುಗಾಜಿ ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಒಂದು ಸ್ವತಂತ್ರ ರಾಕ್ ಸಂಗೀತ ತಂಡ. 1986ರಲ್ಲಿ ರೂಪುಗೊಂಡ ಈ ತಂಡವು 1987ರಿಂದ 2002ರವರೆಗೆ ಒಂದು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮಗಳನ್ನು ನೀಡಿತು ಮತ್ತು ಆರು ಪೂರ್ಣಾವಧಿ ಸ್ಟುಡಿಯೋ ಆಲ್ಬಂಗಳನ್ನು ಹೊರತಂದಿತು. ಇವರ ಸಂಗೀತವನ್ನು ಸಾಮಾನ್ಯವಾಗಿ ಪೋಸ್ಟ್-ಹಾರ್ಡ್‌ಕೋರ್ ಪ್ರಕಾರಕ್ಕೆ ಸೇರಿಸಲಾಗುತ್ತದೆ. ದೊಡ್ಡ ಸಂಗೀತ ಕಂಪನಿಗಳ ನೆರವಿಲ್ಲದೆ, ವ್ಯವಸ್ಥಾಪಕರನ್ನು ನೇಮಿಸಿಕೊಳ್ಳದೆ, ಪ್ರವೇಶದರವನ್ನು ಸುಮಾರು 5 ಡಾಲರ್‌ಗೆ ಮಿತಿಗೊಳಿಸಿ ನಡೆಸಿದ ಕಾರ್ಯವಿಧಾನಕ್ಕಾಗಿಯೂ ಈ ತಂಡವು ಹೆಸರಾಗಿದೆ. 2003ರಿಂದ ತಂಡವು ಅನಿರ್ದಿಷ್ಟಾವಧಿಯ ವಿರಾಮದಲ್ಲಿದೆ.

ಹೆಸರು

'ಫುಗಾಜಿ' ಎಂಬ ಪದವು ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ ಅಮೆರಿಕದ ಸೈನಿಕರ ಆಡುಮಾತಿಗೆ ಸೇರಿದ್ದು. ಪೂರ್ತಿ ಕೆಟ್ಟುಹೋದ, ಕೈಮೀರಿದ ಪರಿಸ್ಥಿತಿ ಎಂಬುದು ಅದರ ಅರ್ಥ. ಆ ಯುದ್ಧದಿಂದ ಮರಳಿದವರ ಅನುಭವಗಳನ್ನು ಮಾರ್ಕ್ ಬೇಕರ್ ಸಂಗ್ರಹಿಸಿದ 'ನಾಮ್' ಎಂಬ ಪುಸ್ತಕದಲ್ಲಿ ಈ ಪದವನ್ನು ಕಂಡ ಗಾಯಕ ಇಯಾನ್ ಮಕಾಯ್ ಅದನ್ನು ತಂಡದ ಹೆಸರಾಗಿ ಆರಿಸಿಕೊಂಡರು.

ಹಿನ್ನೆಲೆ ಮತ್ತು ಸ್ಥಾಪನೆ

1980ರ ದಶಕದ ಆರಂಭದಲ್ಲಿ ವಾಷಿಂಗ್ಟನ್‌ನಲ್ಲಿ ಹಾರ್ಡ್‌ಕೋರ್ ಪಂಕ್ ಎಂಬ ವೇಗದ, ಬಿರುಸಾದ ರಾಕ್ ಪ್ರಕಾರವು ಹದಿಹರೆಯದವರ ನಡುವೆ ಬೆಳೆಯಿತು. ತಮ್ಮ 'ಟೀನ್ ಐಡಲ್ಸ್' ತಂಡದ ಹಾಡುಗಳನ್ನು ಪ್ರಕಟಿಸಲು ಮಕಾಯ್ ಮತ್ತು ಗೆಳೆಯರು 1980ರಲ್ಲಿ 'ಡಿಸ್ಕಾರ್ಡ್ ರೆಕಾರ್ಡ್ಸ್' ಎಂಬ ಸ್ವಂತ ಪ್ರಕಾಶನವನ್ನು ಸ್ಥಾಪಿಸಿದರು. ನಂತರ ಮಕಾಯ್ ಹಾಡಿದ 'ಮೈನರ್ ಥ್ರೆಟ್' ತಂಡವು 1983ರಲ್ಲಿ ವಿಸರ್ಜನೆಗೊಂಡಿತು. ಆ ತಂಡದ ಒಂದು ಹಾಡಿನಿಂದ ಮದ್ಯ, ತಂಬಾಕು ಮತ್ತು ಮಾದಕವಸ್ತುಗಳಿಂದ ದೂರವಿರುವ 'ಸ್ಟ್ರೇಟ್ ಎಡ್ಜ್' ಎಂಬ ಜೀವನಕ್ರಮಕ್ಕೆ ಹೆಸರು ದೊರೆಯಿತು.

ಅದೇ ನಗರದ 'ರೈಟ್ಸ್ ಆಫ್ ಸ್ಪ್ರಿಂಗ್' ತಂಡದಲ್ಲಿ ಗೀ ಪಿಚಿಯೊಟ್ಟೊ ಗಾಯಕ ಮತ್ತು ಗಿಟಾರ್ ವಾದಕರಾಗಿಯೂ, ಬ್ರೆಂಡನ್ ಕ್ಯಾಂಟಿ ಡ್ರಮ್ಸ್ ವಾದಕರಾಗಿಯೂ ಇದ್ದರು. ಈ ತಂಡದ ಆಲ್ಬಂ 1985ರಲ್ಲಿ ಡಿಸ್ಕಾರ್ಡ್ ಮೂಲಕ ಪ್ರಕಟವಾಯಿತು.

1986ರಲ್ಲಿ ಮಕಾಯ್ ಅವರು ಬಾಸ್ ಗಿಟಾರ್ ವಾದಕ ಜೋ ಲ್ಯಾಲಿ ಅವರೊಂದಿಗೆ ಅಭ್ಯಾಸ ಆರಂಭಿಸಿದರು. ಆರಂಭದಲ್ಲಿ 'ಡ್ಯಾಗ್ ನ್ಯಾಸ್ಟಿ' ತಂಡದ ಕಾಲಿನ್ ಸಿಯರ್ಸ್ ಡ್ರಮ್ಸ್ ನುಡಿಸುತ್ತಿದ್ದರು. ಅವರು ತಮ್ಮ ಹಳೆಯ ತಂಡಕ್ಕೆ ಮರಳಿದ ಮೇಲೆ ಆ ಸ್ಥಾನಕ್ಕೆ ಕ್ಯಾಂಟಿ ಬಂದರು. ತಂಡದ ಮೊದಲ ಕಾರ್ಯಕ್ರಮವು 1987ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್‌ನ ವಿಲ್ಸನ್ ಸೆಂಟರ್‌ನಲ್ಲಿ ನಡೆಯಿತು. ಕೆಲವು ಕಾಲದ ಬಳಿಕ ಪಿಚಿಯೊಟ್ಟೊ ಸಹಗಾಯಕರಾಗಿ ಸೇರಿಕೊಂಡರು. ಮುಂದೆ ಎರಡನೆಯ ಗಿಟಾರ್ ವಾದಕರೂ ಆದರು. ಅಂದಿನಿಂದ ಕೊನೆಯವರೆಗೆ ಸದಸ್ಯರಲ್ಲಿ ಬದಲಾವಣೆಯಾಗಲಿಲ್ಲ.

ಸದಸ್ಯರು

* ಇಯಾನ್ ಮಕಾಯ್ – ಗಾಯನ, ಗಿಟಾರ್
* ಗೀ ಪಿಚಿಯೊಟ್ಟೊ – ಗಾಯನ, ಗಿಟಾರ್
* ಜೋ ಲ್ಯಾಲಿ – ಬಾಸ್ ಗಿಟಾರ್, ಗಾಯನ
* ಬ್ರೆಂಡನ್ ಕ್ಯಾಂಟಿ – ಡ್ರಮ್ಸ್

ತಂಡದ ಸಹಾಯಕರಾಗಿದ್ದ ಜೆರ್ರಿ ಬುಷರ್ ಕೊನೆಯ ವರ್ಷಗಳಲ್ಲಿ ಎರಡನೆಯ ಡ್ರಮ್ಸ್ ವಾದಕರಾಗಿ ಧ್ವನಿಮುದ್ರಣಗಳಲ್ಲಿಯೂ ವೇದಿಕೆಯ ಮೇಲೂ ಪಾಲ್ಗೊಂಡರು.

ಸಂಗೀತ ಶೈಲಿ ಮತ್ತು ಸದಸ್ಯರ ಅಭಿರುಚಿ

ಫುಗಾಜಿಯ ಸಂಗೀತವು ಅದರ ನಾಲ್ವರು ಸದಸ್ಯರು ಮೆಚ್ಚಿ ಕೇಳುತ್ತಿದ್ದ ಬೇರೆ ಬೇರೆ ಸಂಗೀತಗಳ ಬೆರಕೆಯಿಂದ ರೂಪುಗೊಂಡಿತು. ಅಮೆರಿಕದ ರಾಕ್ ತಂಡ 'ಸ್ಟೂಜಸ್'ನ ಬಿರುಸು ಮತ್ತು ಜಮೈಕಾದ ರೆಗೆ ಸಂಗೀತದ ಲಯ ಎರಡೂ ಕೂಡಿದ ಒಂದು ತಂಡವನ್ನು ಕಟ್ಟುವುದು ಮಕಾಯ್ ಅವರ ಮೂಲ ಕಲ್ಪನೆಯಾಗಿತ್ತು. ವಾಷಿಂಗ್ಟನ್‌ನ 'ಬ್ಯಾಡ್ ಬ್ರೇನ್ಸ್' ತಂಡವು ಹಾರ್ಡ್‌ಕೋರ್ ಮತ್ತು ರೆಗೆ ಎರಡನ್ನೂ ಒಂದೇ ವೇದಿಕೆಯಲ್ಲಿ ನುಡಿಸುತ್ತಿದ್ದುದು ಈ ಕಲ್ಪನೆಗೆ ಹತ್ತಿರದ ಮಾದರಿಯಾಗಿತ್ತು.

ಲ್ಯಾಲಿ ಅವರಿಗೆ ರೆಗೆ ಮತ್ತು ಅದರಿಂದ ಹುಟ್ಟಿದ ಡಬ್ ಸಂಗೀತದಲ್ಲಿ ಆಸಕ್ತಿಯಿತ್ತು. ಡಬ್ ಪ್ರಕಾರದಲ್ಲಿ ಬಾಸ್ ಮತ್ತು ಡ್ರಮ್ಸ್ ಮುಂದೆ ನಿಂತು, ಗಿಟಾರ್ ಮತ್ತು ಧ್ವನಿಗಳು ನಡುನಡುವೆ ಬಂದು ಮರೆಯಾಗುತ್ತವೆ. ಫುಗಾಜಿಯ ಅನೇಕ ಹಾಡುಗಳು ಬಾಸ್ ಗಿಟಾರಿನ ಒಂದು ಸಣ್ಣ ಪಲುಕಿನಿಂದ ಆರಂಭವಾಗುವುದಕ್ಕೂ, ಹಾಡಿನ ನಡುವೆ ಮೌನವನ್ನು ಬಳಸುವುದಕ್ಕೂ ಈ ಅಭಿರುಚಿಯೊಂದಿಗೆ ನಂಟಿದೆ. 1988ರ 'ವೇಟಿಂಗ್ ರೂಮ್' ಇದಕ್ಕೆ ಪ್ರಸಿದ್ಧ ಉದಾಹರಣೆ. ಈ ಹಾಡಿನ ಆರಂಭದಲ್ಲಿ ಎಲ್ಲ ವಾದ್ಯಗಳೂ ಒಮ್ಮೆಗೆ ನಿಂತು, ಕೆಲವು ಕ್ಷಣಗಳ ನಿಶ್ಶಬ್ದದ ಬಳಿಕ ಮತ್ತೆ ಒಟ್ಟಿಗೆ ಮೊದಲಾಗುತ್ತವೆ.

ಹಿಪ್-ಹಾಪ್ ತಂಡಗಳಲ್ಲಿ ಮುಖ್ಯ ಗಾಯಕನ ಮಾತಿಗೆ ಎದುರುತ್ತರ ಕೊಡುವ ಜೊತೆಗಾರನಿರುತ್ತಾನೆ. ಪಿಚಿಯೊಟ್ಟೊ ಆರಂಭದಲ್ಲಿ ವಹಿಸಿದ ಪಾತ್ರಕ್ಕೆ ಇದೇ ಪ್ರೇರಣೆಯಾಗಿತ್ತು. ವಾಷಿಂಗ್ಟನ್‌ನ ಆಫ್ರಿಕನ್-ಅಮೆರಿಕನ್ ಸಮುದಾಯದಲ್ಲಿ ಬೆಳೆದ, ತಾಳಪ್ರಧಾನವಾದ 'ಗೋ-ಗೋ' ಸಂಗೀತವೂ ನಗರದ ಪಂಕ್ ಕಲಾವಿದರಿಗೆ ಪರಿಚಿತವಾಗಿತ್ತು. 1983ರಲ್ಲಿ ಮೈನರ್ ಥ್ರೆಟ್‌ನ ಕೊನೆಯ ಕಾರ್ಯಕ್ರಮವು ಗೋ-ಗೋ ತಂಡವಾದ 'ಟ್ರಬಲ್ ಫಂಕ್' ಜೊತೆಯಲ್ಲೇ ನಡೆದಿತ್ತು.

ಧ್ವನಿಮುದ್ರಣಗಳು

ತಂಡದ ಹೆಚ್ಚಿನ ಧ್ವನಿಮುದ್ರಣಗಳು ವಾಷಿಂಗ್ಟನ್‌ಗೆ ಹೊಂದಿಕೊಂಡಿರುವ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿದ್ದ, ಡಾನ್ ಝಿಯೆಂಟಾರಾ ಅವರ 'ಇನ್ನರ್ ಇಯರ್' ಸ್ಟುಡಿಯೋದಲ್ಲಿ ನಡೆದವು. 1988ರಲ್ಲಿ ತಂಡದ ಹೆಸರನ್ನೇ ಹೊತ್ತ ಮೊದಲ ಕಿರು ಆಲ್ಬಂ ಬಿಡುಗಡೆಯಾಯಿತು. ಎರಡನೆಯ ಕಿರು ಆಲ್ಬಂ 'ಮಾರ್ಜಿನ್ ವಾಕರ್' ಲಂಡನ್‌ನಲ್ಲಿ ಧ್ವನಿಮುದ್ರಣಗೊಂಡು 1989ರಲ್ಲಿ ಹೊರಬಂದಿತು. ಇವೆರಡನ್ನೂ ಒಂದೇ ಸಿ.ಡಿ.ಯಲ್ಲಿ ಸೇರಿಸಿದ '13 ಸಾಂಗ್ಸ್' ತಂಡದ ಅತ್ಯಂತ ಪರಿಚಿತ ಧ್ವನಿಮುದ್ರಿಕೆಗಳಲ್ಲಿ ಒಂದಾಗಿದೆ.

1990ರ 'ರಿಪೀಟರ್' ತಂಡದ ಮೊದಲ ಪೂರ್ಣಾವಧಿ ಆಲ್ಬಂ. ಮೂರನೆಯ ಆಲ್ಬಂ 'ಇನ್ ಆನ್ ದ ಕಿಲ್ ಟೇಕರ್'ಗಾಗಿ ತಂಡವು ಮೊದಲು ಶಿಕಾಗೋದಲ್ಲಿ ಸ್ಟೀವ್ ಆಲ್ಬಿನಿ ಅವರೊಂದಿಗೆ ಹಾಡುಗಳನ್ನು ಧ್ವನಿಮುದ್ರಿಸಿತು. ಫಲಿತಾಂಶ ತೃಪ್ತಿ ನೀಡದ ಕಾರಣ ಅದನ್ನು ಕೈಬಿಟ್ಟು, ಇನ್ನರ್ ಇಯರ್‌ನಲ್ಲಿ ಟೆಡ್ ನೈಸ್ಲಿ ಅವರ ನಿರ್ಮಾಣದಲ್ಲಿ ಹೊಸದಾಗಿ ಧ್ವನಿಮುದ್ರಣ ಮಾಡಲಾಯಿತು. 1993ರಲ್ಲಿ ಬಿಡುಗಡೆಯಾದ ಈ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಸ್ಥಾನ ಪಡೆಯಿತು.

1995ರ 'ರೆಡ್ ಮೆಡಿಸಿನ್' ಆಲ್ಬಂನಿಂದ ತಂಡವು ಹೆಚ್ಚು ಪ್ರಯೋಗಶೀಲವಾಯಿತು. ಅದರಲ್ಲಿರುವ 'ವರ್ಷನ್' ಎಂಬ ವಾದ್ಯರಚನೆಯಲ್ಲಿ ಡಬ್ ಪ್ರಭಾವ ನೇರವಾಗಿ ಕೇಳುತ್ತದೆ; ಪಿಚಿಯೊಟ್ಟೊ ಇದರಲ್ಲಿ ಕ್ಲಾರಿನೆಟ್ ನುಡಿಸಿದ್ದಾರೆ. 2001ರ 'ದಿ ಆರ್ಗ್ಯುಮೆಂಟ್' ಆಲ್ಬಂನಲ್ಲಿ ಚೆಲ್ಲೊ ವಾದ್ಯವೂ ಎರಡನೆಯ ಡ್ರಮ್ಸ್ ವಾದನವೂ ಸೇರಿದವು. ಅದರಲ್ಲಿನ 'ಕ್ಯಾಶ್‌ಔಟ್' ಹಾಡು ನಗರಾಭಿವೃದ್ಧಿಯ ಹೆಸರಿನಲ್ಲಿ ಬಡ ನಿವಾಸಿಗಳು ಮನೆ ಕಳೆದುಕೊಳ್ಳುವುದನ್ನು ಕುರಿತದ್ದು.

ಕಾರ್ಯನೀತಿ

ಪ್ರವೇಶದರ ಮತ್ತು ವಯೋಮಿತಿ

ಅಮೆರಿಕದಲ್ಲಿ ಮದ್ಯಪಾನದ ಕನಿಷ್ಠ ವಯಸ್ಸು 21. ರಾಕ್ ಕಾರ್ಯಕ್ರಮಗಳು ಹೆಚ್ಚಾಗಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನಡೆಯುತ್ತಿದ್ದುದರಿಂದ ಅದಕ್ಕಿಂತ ಕಿರಿಯರಿಗೆ ಅನೇಕ ಕಡೆ ಪ್ರವೇಶವಿರುತ್ತಿರಲಿಲ್ಲ. ಹದಿಹರೆಯದಲ್ಲೇ ತಂಡ ಕಟ್ಟಿದ್ದ ಮಕಾಯ್ ಅವರಿಗೆ ಇದು ಹಳೆಯ ಅನುಭವ. ಹೀಗಾಗಿ ತಮ್ಮ ಕಾರ್ಯಕ್ರಮಗಳಿಗೆ ಎಲ್ಲ ವಯಸ್ಸಿನವರಿಗೂ ಪ್ರವೇಶವಿರಬೇಕು ಮತ್ತು ಪ್ರವೇಶದರ ಸುಮಾರು 5 ಡಾಲರ್ ಮೀರಬಾರದು ಎಂಬುದನ್ನು ತಂಡವು ಆಯೋಜಕರಿಗೆ ಷರತ್ತಾಗಿ ವಿಧಿಸುತ್ತಿತ್ತು. ಷರತ್ತಿಗೆ ಒಪ್ಪುವ ಕ್ಲಬ್ ಸಿಗದ ಊರುಗಳಲ್ಲಿ ಸಮುದಾಯ ಭವನಗಳಂತಹ ಸ್ಥಳಗಳನ್ನು ಹುಡುಕಲಾಗುತ್ತಿತ್ತು.

ಕಡಿಮೆ ದರದಲ್ಲೂ ತಂಡವು ನಷ್ಟವಿಲ್ಲದೆ ನಡೆಯಲು ಅದರ ಮಿತವ್ಯಯವೇ ಕಾರಣ. ವ್ಯವಸ್ಥಾಪಕರು ಮತ್ತು ಕಾರ್ಯಕ್ರಮ ಗೊತ್ತುಮಾಡುವ ಏಜೆಂಟರು ಇಲ್ಲದ ಕಾರಣ ಅವರಿಗೆ ಸಲ್ಲಬೇಕಾದ ಪಾಲು ಉಳಿಯುತ್ತಿತ್ತು. ಕಾರ್ಯಕ್ರಮಗಳನ್ನು ಮಕಾಯ್ ಅವರೇ ಗೊತ್ತುಮಾಡುತ್ತಿದ್ದರು. ಸದಸ್ಯರು ಕೆಲವೇ ಸಹಾಯಕರೊಂದಿಗೆ ವ್ಯಾನಿನಲ್ಲಿ ಪ್ರಯಾಣಿಸುತ್ತಿದ್ದರು.

ಪ್ರಕಾಶನ

ಎಲ್ಲ ಸ್ಟುಡಿಯೋ ಆಲ್ಬಂಗಳೂ ಡಿಸ್ಕಾರ್ಡ್ ಮೂಲಕವೇ ಹೊರಬಂದವು. ಅಂಗಡಿಗಳು ಹೆಚ್ಚು ಬೆಲೆಗೆ ಮಾರಿದರೂ ಕೊಳ್ಳುವವರಿಗೆ ನಿಜವಾದ ಬೆಲೆ ತಿಳಿಯಲೆಂದು, ಅಂಚೆ ಮೂಲಕ ತರಿಸಿಕೊಳ್ಳುವ ದರವನ್ನು ಹೊದಿಕೆಯ ಮೇಲೆ ಮುದ್ರಿಸಲಾಗುತ್ತಿತ್ತು. 1991ರಲ್ಲಿ ನಿರ್ವಾಣ ತಂಡದ ಯಶಸ್ಸಿನ ನಂತರ ದೊಡ್ಡ ಕಂಪನಿಗಳು ಸ್ವತಂತ್ರ ತಂಡಗಳನ್ನು ಹುಡುಕಿಕೊಂಡು ಬರತೊಡಗಿದವು. 1993ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್‌ನ ಸ್ಥಾಪಕರಲ್ಲೊಬ್ಬರಾದ ಅಹ್ಮೆತ್ ಎರ್ಟೆಗುನ್ ಅವರೇ ನ್ಯೂಯಾರ್ಕ್‌ನಲ್ಲಿ ತಂಡವನ್ನು ಭೇಟಿಯಾಗಿ ಆಹ್ವಾನ ನೀಡಿದರು. ತಂಡವು ಅದನ್ನು ನಿರಾಕರಿಸಿತು.

ಪ್ರಚಾರ

ತಂಡದ ಹೆಸರು ಮುದ್ರಿಸಿದ ಟೀ ಶರ್ಟ್ ಮೊದಲಾದ ಸರಕುಗಳನ್ನು ಫುಗಾಜಿ ಮಾರಲಿಲ್ಲ. 'ರಿಪೀಟರ್' ಆಲ್ಬಂನ 'ಮರ್ಚಂಡೈಸ್' ಎಂಬ ಹಾಡು ಈ ನಿಲುವನ್ನೇ ಕುರಿತದ್ದು. ಆದರೂ 'ಇದು ಫುಗಾಜಿ ಟೀ ಶರ್ಟ್ ಅಲ್ಲ' ಎಂಬ ಅರ್ಥದ ಇಂಗ್ಲಿಷ್ ವಾಕ್ಯವಿದ್ದ ಅನಧಿಕೃತ ಅಂಗಿಗಳು ಮಾರುಕಟ್ಟೆಗೆ ಬಂದು ಜನಪ್ರಿಯವಾದವು.

ಮದ್ಯ ಮತ್ತು ತಂಬಾಕಿನ ಜಾಹೀರಾತು ಪ್ರಕಟಿಸುವ ನಿಯತಕಾಲಿಕೆಗಳಿಗೆ ತಂಡವು ಸಂದರ್ಶನ ನೀಡುತ್ತಿರಲಿಲ್ಲ. ಅಭಿಮಾನಿಗಳು ತಾವೇ ಬರೆದು, ಪ್ರತಿ ತೆಗೆದು ಹಂಚುತ್ತಿದ್ದ 'ಫ್ಯಾನ್‌ಝೀನ್' ಎಂಬ ಕಿರುಪತ್ರಿಕೆಗಳೊಂದಿಗೆ ಸದಸ್ಯರು ಮುಕ್ತವಾಗಿ ಮಾತನಾಡುತ್ತಿದ್ದರು. ತಂಡದ ಸುದ್ದಿಯು ಮುಖ್ಯವಾಗಿ ಇವುಗಳಿಂದ, ಡಿಸ್ಕಾರ್ಡ್‌ಗೆ ಬರುತ್ತಿದ್ದ ಪತ್ರಗಳಿಗೆ ಬರೆದ ಉತ್ತರಗಳಿಂದ, ಭಿತ್ತಿಪತ್ರಗಳಿಂದ ಮತ್ತು ಬಾಯಿಮಾತಿನಿಂದ ಹರಡುತ್ತಿತ್ತು.

ಕಾರ್ಯಕ್ರಮಗಳಲ್ಲಿ ಹಿಂಸೆಯ ತಡೆ

ಹಾರ್ಡ್‌ಕೋರ್ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕರು ಪರಸ್ಪರ ಡಿಕ್ಕಿ ಹೊಡೆಯುತ್ತ ಕುಣಿಯುವುದು ವಾಡಿಕೆಯಾಗಿತ್ತು. ಇದರಿಂದ ಗಾಯಗಳಾಗುತ್ತಿದ್ದವು, ಚಿಕ್ಕವರೂ ಮಹಿಳೆಯರೂ ವೇದಿಕೆಯಿಂದ ದೂರ ಉಳಿಯಬೇಕಾಗುತ್ತಿತ್ತು. ಅಂತಹ ಸಂದರ್ಭಗಳಲ್ಲಿ ಫುಗಾಜಿ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ತೊಂದರೆ ಕೊಡುವವರನ್ನು ವೇದಿಕೆಯಿಂದಲೇ ಸೌಜನ್ಯದ ಮಾತುಗಳಲ್ಲಿ ಎಚ್ಚರಿಸುತ್ತಿತ್ತು. ಕೇಳದವರಿಗೆ 5 ಡಾಲರ್ ಇರಿಸಿದ ಲಕೋಟೆ ಕೊಟ್ಟು ಹೊರಗೆ ಕಳುಹಿಸಲಾಗುತ್ತಿತ್ತು. ಪಂಕ್ ಸಂಗೀತದ ಸ್ವಾತಂತ್ರ್ಯಕ್ಕೆ ಇದು ಅಡ್ಡಿಯೆಂದು ಕೆಲವರು ಆಕ್ಷೇಪಿಸಿದರೆ, ಎಲ್ಲರಿಗೂ ಪ್ರವೇಶ ಎಂಬ ನಿಯಮಕ್ಕೆ ಇದು ಅಗತ್ಯವೆಂದು ಇತರರು ಸಮರ್ಥಿಸಿದರು.

ಸಾಮಾಜಿಕ ಚಟುವಟಿಕೆಗಳು

ಸ್ವಂತ ನಗರದಲ್ಲಿ ತಂಡವು ನೀಡಿದ ಕಾರ್ಯಕ್ರಮಗಳಲ್ಲಿ ಬಹುಪಾಲು ಉಚಿತವಾಗಿದ್ದವು ಅಥವಾ ಸಹಾಯಾರ್ಥವಾಗಿದ್ದವು. ಇವುಗಳಲ್ಲಿ ಹಲವನ್ನು 'ಪಾಸಿಟಿವ್ ಫೋರ್ಸ್' ಎಂಬ ಯುವ ಕಾರ್ಯಕರ್ತರ ಗುಂಪು ಆಯೋಜಿಸಿತ್ತು. 1990ರ ಡಿಸೆಂಬರ್‌ನಲ್ಲಿ ತಂಡವು ವರ್ಜೀನಿಯಾದ ಲಾರ್ಟನ್ ಸೆರೆಮನೆಯ ಕೈದಿಗಳ ಎದುರು ಹಾಡಿತು. ಕೊಲ್ಲಿ ಯುದ್ಧ ಆರಂಭವಾಗುವ ಕೆಲವೇ ದಿನಗಳ ಮೊದಲು, 1991ರ ಜನವರಿ 12ರಂದು, ಶ್ವೇತಭವನದ ಎದುರಿನ ಲಫಾಯೆಟ್ ಉದ್ಯಾನದಲ್ಲಿ ಚಳಿಯ ನಡುವೆ ಯುದ್ಧವಿರೋಧಿ ಕಾರ್ಯಕ್ರಮ ನೀಡಿತು. ನಗರದ ಫೋರ್ಟ್ ರೀನೊ ಉದ್ಯಾನದಲ್ಲಿ ಬೇಸಿಗೆಯಲ್ಲಿ ನಡೆಯುವ ಉಚಿತ ಸಂಗೀತ ಸರಣಿಯಲ್ಲಿಯೂ ತಂಡವು ಅನೇಕ ಸಲ ಪಾಲ್ಗೊಂಡಿತು.

ಸಾಕ್ಷ್ಯಚಿತ್ರ

ಮಕಾಯ್ ಅವರ ಶಾಲಾ ದಿನಗಳ ಗೆಳೆಯ, ಚಿತ್ರನಿರ್ದೇಶಕ ಜೆಮ್ ಕೋಹೆನ್ ಸುಮಾರು ಹತ್ತು ವರ್ಷಗಳ ಕಾಲ ತಂಡವನ್ನು ಚಿತ್ರೀಕರಿಸಿ, 1999ರಲ್ಲಿ 'ಇನ್‌ಸ್ಟ್ರುಮೆಂಟ್' ಎಂಬ ಸಾಕ್ಷ್ಯಚಿತ್ರವನ್ನು ಹೊರತಂದರು. ತಂಡದ ಚರಿತ್ರೆಯನ್ನು ಕ್ರಮವಾಗಿ ಹೇಳುವ ಬದಲು ಈ ಚಿತ್ರವು ಕಾರ್ಯಕ್ರಮ, ಪ್ರಯಾಣ, ಅಭ್ಯಾಸ ಮತ್ತು ಪ್ರೇಕ್ಷಕರ ಮುಖಗಳನ್ನು ಜೋಡಿಸುತ್ತ ಸಾಗುತ್ತದೆ.

ವಿರಾಮ ಮತ್ತು ನಂತರದ ಕೆಲಸ

ತಂಡದ ಕೊನೆಯ ಕಾರ್ಯಕ್ರಮ 2002ರ ನವೆಂಬರ್ 4ರಂದು ಲಂಡನ್‌ನಲ್ಲಿ ನಡೆಯಿತು. ಕುಟುಂಬದ ಹೊಣೆಗಳು ಹೆಚ್ಚಿ, ದೀರ್ಘ ಪ್ರವಾಸ ಕಷ್ಟವಾದುದು ವಿರಾಮಕ್ಕೆ ಮುಖ್ಯ ಕಾರಣವಾಯಿತು. ತಂಡವನ್ನು ವಿಸರ್ಜಿಸಿದ್ದಾಗಿ ಸದಸ್ಯರು ಘೋಷಿಸಲಿಲ್ಲ.

ಮಕಾಯ್ ಅವರು ಏಮಿ ಫರೀನಾ ಅವರೊಂದಿಗೆ 'ದಿ ಈವನ್ಸ್' ಎಂಬ ತಂಡವನ್ನು ನಡೆಸಿದರು. ಮುಂದೆ ಈ ಇಬ್ಬರೊಂದಿಗೆ ಲ್ಯಾಲಿ ಸೇರಿದ 'ಕೊರಿಕಿ' ತಂಡದ ಆಲ್ಬಂ 2020ರಲ್ಲಿ ಬಿಡುಗಡೆಯಾಯಿತು. ಲ್ಯಾಲಿ ಮತ್ತು ಕ್ಯಾಂಟಿ ಗಿಟಾರ್ ವಾದಕ ಆಂಥನಿ ಪಿರೋಗ್ ಜೊತೆ 'ದಿ ಮೆಸ್ತೆಟಿಕ್ಸ್' ಎಂಬ ವಾದ್ಯಸಂಗೀತ ತಂಡವನ್ನು ಕಟ್ಟಿದರು. 2024ರಲ್ಲಿ ಈ ತಂಡವು ಸ್ಯಾಕ್ಸೊಫೋನ್ ವಾದಕ ಜೇಮ್ಸ್ ಬ್ರಾಂಡನ್ ಲೂಯಿಸ್ ಜೊತೆಗೂಡಿ ಒಂದು ಆಲ್ಬಂ ಹೊರತಂದಿತು. ಪಿಚಿಯೊಟ್ಟೊ 'ಬ್ಲಾಂಡ್ ರೆಡ್‌ಹೆಡ್' ಮೊದಲಾದ ತಂಡಗಳ ಆಲ್ಬಂಗಳನ್ನು ನಿರ್ಮಿಸಿದರು ಮತ್ತು ಗಾಯಕ ವಿಕ್ ಚೆಸ್ನಟ್ ಅವರೊಂದಿಗೆ ನುಡಿಸಿದರು.

ಕಾರ್ಯಕ್ರಮಗಳ ಧ್ವನಿಸಂಗ್ರಹ

ತಂಡದ ಧ್ವನಿತಂತ್ರಜ್ಞರು ವರ್ಷಗಳ ಕಾಲ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. ಹೀಗೆ ಉಳಿದುಬಂದ 800ಕ್ಕೂ ಹೆಚ್ಚು ಕಾರ್ಯಕ್ರಮಗಳನ್ನು ಸಾರ್ವಜನಿಕರಿಗೆ ಒದಗಿಸುವ 'ಫುಗಾಜಿ ಲೈವ್ ಸೀರೀಸ್' 2011ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಪ್ರತಿ ಕಾರ್ಯಕ್ರಮಕ್ಕೂ ಸೂಚಿಸಲಾದ ಬೆಲೆ ಹಳೆಯ ಪ್ರವೇಶದರದಷ್ಟೇ, ಅಂದರೆ 5 ಡಾಲರ್. ಆದರೆ ಕೊಳ್ಳುವವರು 1 ಡಾಲರ್‌ನಿಂದ 100 ಡಾಲರ್‌ವರೆಗೆ ತಮಗೆ ಸರಿಯೆನಿಸಿದ ಮೊತ್ತ ನೀಡಬಹುದಾದ ವ್ಯವಸ್ಥೆ ಮಾಡಲಾಯಿತು. ವಾದ್ಯಗಳ ಸದ್ದಿನೊಂದಿಗೆ ವೇದಿಕೆಯ ಮಾತುಗಳು, ಪ್ರೇಕ್ಷಕರೊಂದಿಗಿನ ವಾಗ್ವಾದಗಳು ಕೂಡ ಇದರಲ್ಲಿ ಉಳಿದಿವೆ. 1988ರ ಜನವರಿಯಲ್ಲಿ ಧ್ವನಿಮುದ್ರಿಸಿದ್ದ ಆರಂಭದ ಹಾಡುಗಳು 'ಫಸ್ಟ್ ಡೆಮೊ' ಎಂಬ ಹೆಸರಿನಲ್ಲಿ 2014ರಲ್ಲಿ ಪ್ರಕಟವಾದವು.

ಮಹತ್ವ

ಅಮೆರಿಕದ ಸ್ವತಂತ್ರ ಸಂಗೀತವನ್ನು ಕುರಿತು ಮೈಕೆಲ್ ಅಜೆರಾಡ್ 2001ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಧ್ಯಯನಕ್ಕೆ ಆರಿಸಿಕೊಂಡ 13 ತಂಡಗಳಲ್ಲಿ ಮೈನರ್ ಥ್ರೆಟ್ ಮತ್ತು ಫುಗಾಜಿ ಎರಡೂ ಸೇರಿವೆ. ಫುಗಾಜಿಯ ಕಾರ್ಯವಿಧಾನವನ್ನು ಎಲ್ಲ ತಂಡಗಳೂ ಅನುಸರಿಸುವುದು ಸುಲಭವಲ್ಲ. ಸ್ವಂತ ಪ್ರಕಾಶನ ಮತ್ತು ಸದಸ್ಯರ ಹಳೆಯ ತಂಡಗಳಿಂದ ಬಂದ ಹೆಸರು ಅದಕ್ಕೆ ಆರಂಭದಲ್ಲೇ ಆಸರೆಯಾಗಿದ್ದವು. ಆದರೂ ಕಡಿಮೆ ದರ, ಮಿತ ಖರ್ಚು ಮತ್ತು ಸ್ವಂತ ಹಕ್ಕುಗಳನ್ನು ಇಟ್ಟುಕೊಂಡು ಒಂದು ತಂಡವು ಹದಿನೈದು ವರ್ಷ ದೇಶವಿದೇಶಗಳಲ್ಲಿ ಹಾಡಬಹುದು ಎಂಬುದಕ್ಕೆ ಅದು ನಿದರ್ಶನವಾಗಿ ಉಳಿದಿದೆ.

ಸ್ಟುಡಿಯೋ ಆಲ್ಬಂಗಳು

* ರಿಪೀಟರ್ (1990)
* ಸ್ಟೆಡಿ ಡಯಟ್ ಆಫ್ ನಥಿಂಗ್ (1991)
* ಇನ್ ಆನ್ ದ ಕಿಲ್ ಟೇಕರ್ (1993)
* ರೆಡ್ ಮೆಡಿಸಿನ್ (1995)
* ಎಂಡ್ ಹಿಟ್ಸ್ (1998)
* ದಿ ಆರ್ಗ್ಯುಮೆಂಟ್ (2001)