ಪ್ಯಾರಿಸ್‌ನಲ್ಲಿ ಹುಟ್ಟಿದ ಕಾಶಿಯ ಕಥೆ

ಕಾಶಿಯ ದೇವಸ್ಥಾನವೊಂದರಲ್ಲಿ ಅರ್ಚಕರು ವಜ್ರದ ಮೂರು ಸೂಜಿಗಳ ನಡುವೆ ಚಿನ್ನದ 64 ಬಿಲ್ಲೆಗಳನ್ನು ಹಗಲಿರುಳು ಸಾಗಿಸುತ್ತಿದ್ದಾರೆ, ಕೊನೆಯ ಬಿಲ್ಲೆ ಕೂತ ದಿನ ಪ್ರಳಯ. ಗಣಿತದ ಮೇಷ್ಟ್ರು ಈ ಕಥೆ ಹೇಳಿದಾಗ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಮುಂದೆ ನಾನೂ ಮೇಷ್ಟ್ರಾಗಿ ಅದನ್ನೇ ನಮ್ಮ ಪೂರ್ವಿಕರ ಲೆಕ್ಕವೆಂದು ವರ್ಷಾನುಗಟ್ಟಲೆ ಹೆಮ್ಮೆಯಿಂದ ಹೇಳಿಕೊಂಡು ಬಂದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಇದು ಯಾವ ಪುರಾಣದಲ್ಲಿದೆ ಸರ್?" ಎಂದಳು.

ಹುಡುಕುತ್ತಾ ಹೋದವನು ತಲುಪಿದ್ದು ಪ್ಯಾರಿಸ್‌ಗೆ. 1883ರಲ್ಲಿ ಅಲ್ಲಿ 'ಹನೋಯ್ ಗೋಪುರ' ಎಂಬ ಆಟಿಕೆ ಬಂತು. ಮೂರು ಕಡ್ಡಿ, ಎಂಟು ಬಿಲ್ಲೆ. ಒಮ್ಮೆಗೆ ಒಂದೇ ಬಿಲ್ಲೆ ಎತ್ತಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ. ಮಾಡಿದವನ ಹೆಸರು 'ಸಯಾಮಿನ ಎನ್. ಕ್ಲಾಸ್' ಎಂದಿತ್ತು. ಫ್ರೆಂಚಿನಲ್ಲಿ ಆ ಅಕ್ಷರಗಳನ್ನು ಅದಲುಬದಲು ಮಾಡಿದರೆ 'ಅಮಿಯೆನ್‌ನ ಲ್ಯೂಕಾ' ಆಗುತ್ತದೆ! ಎದ್ವಾರ್ ಲ್ಯೂಕಾ ಅಮಿಯೆನ್‌ನಲ್ಲಿ ಹುಟ್ಟಿದವನು, ಪ್ಯಾರಿಸ್‌ನಲ್ಲಿ ಗಣಿತದ ಮೇಷ್ಟ್ರು. ಕಾಶಿಯ ಕಥೆಯೂ ಆ ಆಟಿಕೆಯ ಸುತ್ತಲೇ ಹುಟ್ಟಿದ್ದು. ಆನ್ರಿ ದ ಪಾರ್ವಿಲ್ ಎಂಬ ವಿಜ್ಞಾನ ಬರಹಗಾರ ಅದಕ್ಕೆ ಬಣ್ಣ ತುಂಬಿ ಪತ್ರಿಕೆಯಲ್ಲಿ ಬರೆದ. ದೂರದ ಊರು, ಬ್ರಹ್ಮ, ಚಿನ್ನ ಎಂದರೆ ಆಗಿನ ಯೂರೋಪಿನ ಓದುಗರಿಗೆ ಸಾಕಿತ್ತು. ನಮಗೂ ಸಾಕಾಯಿತಲ್ಲ!

ಲೆಕ್ಕ ಮಾತ್ರ ಅಪ್ಪಟ. ಬುಡದ ಬಿಲ್ಲೆ ಕದಲಬೇಕಾದರೆ ಮೇಲಿನವೆಲ್ಲ ಮೊದಲು ಪಕ್ಕದ ಕಡ್ಡಿಗೆ ಹೋಗಬೇಕು. ಅದು ಕದಲಿದ ಮೇಲೆ ಅಷ್ಟೂ ಮತ್ತೆ ಅದರ ಮೇಲೆ ಬರಬೇಕು. ಹಾಗಾಗಿ ಬಿಲ್ಲೆ ಒಂದು ಹೆಚ್ಚಿದರೆ ನಡೆಗಳು ಇಮ್ಮಡಿಯಾಗಿ ಮೇಲೊಂದು ಸೇರುತ್ತದೆ: 1, 3, 7, 15. ಎಂಟು ಬಿಲ್ಲೆಗೆ 255. ಅಂದರೆ ಬಿಲ್ಲೆಗಳಷ್ಟು ಸಲ ಎರಡನ್ನು ಗುಣಿಸಿ ಒಂದು ಕಳೆದರೆ ಆಯಿತು. 64ಕ್ಕೆ 1,84,46,74,40,73,70,95,51,615. ಸೆಕೆಂಡಿಗೊಂದು ನಡೆಯಂತೆ ಸುಮಾರು 58,000 ಕೋಟಿ ವರ್ಷ. ವಿಶ್ವದ ಈಗಿನ ವಯಸ್ಸು ಸುಮಾರು 1,380 ಕೋಟಿ ವರ್ಷ.

ಲ್ಯೂಕಾನಿಗೆ ಈ ಜಾತಿಯ ಸಂಖ್ಯೆಗಳು ಹೊಸವಲ್ಲ. ಆಟಿಕೆಗೆ ಏಳು ವರ್ಷ ಮೊದಲೇ, 1876ರಲ್ಲಿ, 127 ಸಲ ಎರಡನ್ನು ಗುಣಿಸಿ ಒಂದು ಕಳೆದರೆ ಬರುವ 39 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ಅವನು ಕೈಲೆಕ್ಕದಲ್ಲೇ ತೋರಿಸಿದ್ದ. ಗೋಪುರಕ್ಕೆ 127 ಬಿಲ್ಲೆಗಳಿದ್ದರೆ ಬೇಕಾಗುವ ನಡೆಗಳೂ ಅಷ್ಟೇ. ನನಗೆ ಕಾಶಿಯ ಕಥೆಗಿಂತ ಇದೇ ಹೆಚ್ಚು ರೋಮಾಂಚನ.

ಮರುವರ್ಷ ಅದೇ ಪಾಠ ಬಂದಾಗ ಕಥೆಯನ್ನು ಲ್ಯೂಕಾನ ಹೆಸರಿನೊಂದಿಗೆ ಹೇಳಿದೆ, ನಾನು ತಪ್ಪು ಹೇಳಿಕೊಟ್ಟಿದ್ದನ್ನೂ ಹೇಳಿದೆ. ಕೇಳಿದ್ದ ಹುಡುಗಿ ಅಷ್ಟರಲ್ಲಿ ಪರೀಕ್ಷೆ ಮುಗಿಸಿ ಸ್ಕೂಲು ಬಿಟ್ಟಿದ್ದಳು.