ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರಿಗೆ ಸಾಲಿಸಿಟರ್ ಆಯ್ಕೆ

ಬೆಂಗಳೂರಿನಲ್ಲಿ ಮನೆ ಕೊಳ್ಳುವವರು ವಕೀಲರ ಬಳಿ ಹೋಗುವುದು ಹೆಚ್ಚಾಗಿ ಕಾಗದಪತ್ರ ತೋರಿಸಿ ಅಭಿಪ್ರಾಯ ಕೇಳಲಿಕ್ಕೆ. ಮೂಲಪತ್ರ, ಇ.ಸಿ., ಖಾತಾ ಎಲ್ಲ ಸರಿಯಿದೆ ಎಂದು ಅವರು ಬರೆದುಕೊಟ್ಟ ಮೇಲೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗುವವರೂ ನಾವೇ, ಮಾರುವವರ ಕೈಗೆ ಡಿ.ಡಿ. ಕೊಡುವವರೂ ನಾವೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಡೀ ವ್ಯವಹಾರ ಕನ್ವೇಯನ್ಸಿಂಗ್ (ಆಸ್ತಿ ವರ್ಗಾವಣೆ) ಸಾಲಿಸಿಟರರ ಮೇಜಿನ ಮೇಲೆ ನಡೆಯುತ್ತದೆ. ಹಕ್ಕಿನ ಪರಿಶೀಲನೆ, ಕರಾರು, ತೆರಿಗೆ, ನೋಂದಣಿ ಎಲ್ಲವೂ ಅವರ ಕೆಲಸ. ಮನೆಯ ಹಣ ಸಹ ಅವರ ಖಾತೆಯ ಮೂಲಕವೇ ಹೋಗುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರು ಮೊದಲ ಮನೆಗಾಗಿ ವಾರಗಟ್ಟಲೆ ಅಲೆದು, ಸಾಲಿಸಿಟರ್ ವಿಷಯಕ್ಕೆ ಬಂದಾಗ ಮಾತ್ರ ಎಸ್ಟೇಟ್ ಏಜೆಂಟ್ ಕೊಟ್ಟ ನಂಬರಿಗೆ ಫೋನ್ ಮಾಡಿ ಮುಗಿಸುವುದುಂಟು. ಮನೆಗೆ ಬೆಲೆ ಹೇಳುವ ಮುಂಚೆಯೇ ಈ ಆಯ್ಕೆ ಆಗಿರಬೇಕು, ಅದೂ ನಿಧಾನವಾಗಿ ವಿಚಾರಿಸಿ.

ಈ ಕೆಲಸ ಮಾಡುವವರು ಯಾರು

ಮನೆ ವರ್ಗಾವಣೆಯ ಕಾನೂನು ಕೆಲಸವನ್ನು ಮುಖ್ಯವಾಗಿ ಇಬ್ಬರು ಮಾಡುತ್ತಾರೆ. ಸಾಲಿಸಿಟರ್‌ಗಳು ಕಾನೂನಿನ ಬೇರೆ ಕೆಲಸಗಳನ್ನೂ ಮಾಡಬಲ್ಲವರು. ಅವರ ಮೇಲೆ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ನಿಗಾ ಇರುತ್ತದೆ. ಆಸ್ತಿ ವರ್ಗಾವಣೆಯಲ್ಲೇ ಪರಿಣತರಾದ ಲೈಸೆನ್ಸ್ಡ್ ಕನ್ವೇಯನ್ಸರ್‌ಗಳು 1985ರ ಕಾಯ್ದೆಯ ನಂತರ ಬಂದವರು. ಅವರನ್ನು ನೋಡಿಕೊಳ್ಳುವುದು ಕೌನ್ಸಿಲ್ ಫಾರ್ ಲೈಸೆನ್ಸ್ಡ್ ಕನ್ವೇಯನ್ಸರ್ಸ್. ಸಾಮಾನ್ಯ ಖರೀದಿಗೆ ಇಬ್ಬರೂ ಸಾಕು. ವಿಚ್ಛೇದನ, ಉಯಿಲು, ಪಾಲುದಾರಿಕೆಯ ತಕರಾರು ಸೇರಿಕೊಂಡಿದ್ದರೆ ಸಾಲಿಸಿಟರ್ ಒಳ್ಳೆಯದು. ಎರಡೂ ಸಂಸ್ಥೆಗಳ ಪಟ್ಟಿಯನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಹೆಸರು ಅಲ್ಲಿ ಇಲ್ಲದಿದ್ದರೆ ಮಾತು ಮುಂದುವರಿಸಬೇಡಿ. ಲಾ ಸೊಸೈಟಿ ಕೊಡುವ ಕನ್ವೇಯನ್ಸಿಂಗ್ ಕ್ವಾಲಿಟಿ ಸ್ಕೀಮ್ ಮಾನ್ಯತೆ ಇದ್ದರೆ ಇನ್ನೂ ಒಳ್ಳೆಯದು.

ಸ್ಕಾಟ್ಲೆಂಡಿನ ಕಾನೂನೇ ಬೇರೆ. ಎಡಿನ್‌ಬರೋದಲ್ಲಿ ಮನೆ ಕೊಳ್ಳುವವರು ಸ್ಕಾಟ್ಲೆಂಡಿನ ಸಾಲಿಸಿಟರನ್ನೇ ಹಿಡಿಯಬೇಕು.

ಅವರು ಏನೇನು ನೋಡುತ್ತಾರೆ

ಲಂಡನ್ನಿನಲ್ಲಿ 1862ರಲ್ಲಿ ಆರಂಭವಾದ ಲ್ಯಾಂಡ್ ರಿಜಿಸ್ಟ್ರಿ ಅಲ್ಲಿನ ವ್ಯವಸ್ಥೆಯ ಬೆನ್ನೆಲುಬು. ನಮ್ಮಲ್ಲಿ ನೋಂದಣಿಯಾಗುವುದು ಕ್ರಯಪತ್ರ. ಮಾರಿದವನಿಗೆ ನಿಜವಾಗಿ ಹಕ್ಕಿತ್ತೇ ಎಂಬುದಕ್ಕೆ ಆ ನೋಂದಣಿ ಖಾತ್ರಿಯಲ್ಲ. ಅಲ್ಲಿ ಹಕ್ಕೇ ನೋಂದಣಿಯಾಗುತ್ತದೆ, ಸರ್ಕಾರ ಅದರ ಹೊಣೆ ಹೊರುತ್ತದೆ. ಹಾಗಾಗಿ ಮೂವತ್ತು ವರ್ಷದ ಇ.ಸಿ. ತೆಗೆಸುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ರಿಜಿಸ್ಟರ್ ಎಲ್ಲವನ್ನೂ ಹೇಳುವುದಿಲ್ಲ. ಪಕ್ಕದಲ್ಲಿ ರಸ್ತೆ ಬರಲಿದೆಯೇ, ಹಿಂದಿನ ಮಾಲೀಕರು ಅನುಮತಿಯಿಲ್ಲದೆ ಕೋಣೆ ಕಟ್ಟಿಸಿದ್ದಾರೆಯೇ, ಚರಂಡಿ ಯಾರ ಜವಾಬ್ದಾರಿ, ನೆಲದಡಿ ಹಳೆಯ ಗಣಿಯಿದೆಯೇ ಎಂಬುದನ್ನೆಲ್ಲ ಸಾಲಿಸಿಟರ್ ಸರ್ಚ್‌ಗಳ ಮೂಲಕ ತರಿಸಿಕೊಳ್ಳಬೇಕು. ಸೌತ್ ವೇಲ್ಸ್‌ನಲ್ಲಿ ಕಲ್ಲಿದ್ದಲು, ಕಾರ್ನ್‌ವಾಲ್‌ನಲ್ಲಿ ತವರ, ಚೆಶೈರ್‌ನಲ್ಲಿ ಉಪ್ಪಿನ ಗಣಿಗಳಿಂದ ನೆಲ ಕುಸಿದ ಊರುಗಳಿವೆ. ಇಂಥ ಕಡೆ ಸ್ಥಳೀಯ ಸಾಲಿಸಿಟರರಿಗೆ ಯಾವ ಬೀದಿಗೆ ಯಾವ ಪ್ರಶ್ನೆ ಕೇಳಬೇಕೆಂದು ಗೊತ್ತಿರುತ್ತದೆ.

ಉತ್ತರಗಳೆಲ್ಲ ಬಂದ ಮೇಲೆ ಕರಾರು ವಿನಿಮಯ. ಅಲ್ಲಿಯವರೆಗೆ ಯಾವ ಕಡೆಯವರಾದರೂ ಹಿಂದೆ ಸರಿಯಬಹುದು. ಹೆಚ್ಚು ಬೆಲೆ ಕೊಡುವವರು ಸಿಕ್ಕರೆ ಮಾರುವವರು ಮಾತು ಬದಲಿಸುವುದು ಇದೇ ಹಂತದಲ್ಲಿ. ಉತ್ತರ ಕೊಡಲು ತಡಮಾಡುವ ಸಾಲಿಸಿಟರ್ ಮನೆಯನ್ನೇ ಕೈತಪ್ಪಿಸಬಲ್ಲರು. ವಿನಿಮಯದ ಹೊತ್ತಿಗೆ ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟು ಮುಂಗಡ ಕೊಟ್ಟಿರುತ್ತಾರೆ. ಆಮೇಲೆ ಬೇಡವೆಂದರೆ ಅದು ಹೋದಂತೆಯೇ.

ನಿಮಗೆ ಅವರನ್ನು ಪರಿಚಯಿಸಿದವರು ಯಾರು

ಆಯ್ಕೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಎಸ್ಟೇಟ್ ಏಜೆಂಟರು ಗಿರಾಕಿಯನ್ನು ಕಳಿಸಿದ್ದಕ್ಕೆ ಸಾಲಿಸಿಟರರಿಂದ ಕಮಿಷನ್ ಪಡೆಯುವುದು ಅಲ್ಲಿ ಸಾಮಾನ್ಯ. ಅದು ಕಾನೂನುಬಾಹಿರವಲ್ಲ, ಆದರೆ ನಿಮಗೆ ತಿಳಿಸಲೇಬೇಕು. ಏಜೆಂಟ್ ಕೆಲಸ ಮಾಡುವುದು ಮಾರುವವರಿಗಾಗಿ. ಅವರ ಕೃಪೆಯಿಂದ ಕೆಲಸ ಪಡೆಯುವ ಸಾಲಿಸಿಟರ್, ವ್ಯವಹಾರ ಕೆಡಿಸಬಹುದಾದ ಪ್ರಶ್ನೆಯನ್ನು ನಿಮ್ಮ ಪರವಾಗಿ ಗಟ್ಟಿಯಾಗಿ ಕೇಳುತ್ತಾರೆಯೇ?

ಹೊಸ ಬಡಾವಣೆಗಳಲ್ಲಿ ಇಂಥ ಶಿಫಾರಸು ದೊಡ್ಡ ಅನ್ಯಾಯಕ್ಕೆ ಕಾರಣವಾಗಿದೆ. ಕೆಲವು ಬಿಲ್ಡರ್‌ಗಳು ಲೀಸ್‌ಹೋಲ್ಡ್ ಮನೆಗಳನ್ನು (ನೆಲದ ಒಡೆತನವಿಲ್ಲದೆ ದೀರ್ಘಾವಧಿ ಗುತ್ತಿಗೆಯಲ್ಲಿ ಪಡೆಯುವಂಥವು) ಮಾರುವಾಗ ನೆಲಬಾಡಿಗೆ ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುವ ಷರತ್ತು ಹಾಕಿದ್ದರು. ವರ್ಷಕ್ಕೆ 250 ಪೌಂಡ್ ಇದ್ದದ್ದು ಐವತ್ತು ವರ್ಷಕ್ಕೆ 8,000 ಪೌಂಡ್ ಆಗುವ ಲೆಕ್ಕ ಅದು. ಅಂಥ ಮನೆಗಳನ್ನು ಮತ್ತೆ ಮಾರುವುದೇ ಕಷ್ಟವಾಯಿತು. ಬಿಲ್ಡರ್ ಸೂಚಿಸಿದ ಸಾಲಿಸಿಟರನ್ನೇ ಹಿಡಿದಿದ್ದೆವು, ಈ ಷರತ್ತಿನ ಬಗ್ಗೆ ಅವರು ಎಚ್ಚರಿಸಲೇ ಇಲ್ಲ ಎಂದು ಅನೇಕ ಖರೀದಿದಾರರು ದೂರಿದರು. 2019ರಲ್ಲಿ ಬ್ರಿಟಿಷ್ ಸಂಸತ್ತಿನ ವಸತಿ ಸಮಿತಿಯ ವರದಿ ಬಿಲ್ಡರ್ ಮತ್ತು ಸಾಲಿಸಿಟರ್ ನಡುವಿನ ಈ ನಂಟನ್ನು ಟೀಕಿಸಿತು. 2022ರ ಜೂನ್ 30ರಿಂದ ಕಾಯ್ದೆಯ ಪ್ರಕಾರ ಹೊಸ ಲೀಸ್‌ಗಳಲ್ಲಿ ನೆಲಬಾಡಿಗೆ ವಿಧಿಸುವಂತಿಲ್ಲ. ಹಳೆಯ ಲೀಸ್‌ಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಬಿಲ್ಡರ್ ರಿಯಾಯಿತಿ ತೋರಿಸಿದರೂ ಸಾಲಿಸಿಟರನ್ನು ನೀವೇ ಹುಡುಕಿಕೊಳ್ಳಿ. ಇತ್ತೀಚೆಗೆ ಮನೆ ಕೊಂಡ ಸಹೋದ್ಯೋಗಿಗಳನ್ನು, ಕನ್ನಡ ಬಳಗದ ಪರಿಚಿತರನ್ನು ಕೇಳಿ. ಅವರಿಗೆ ಆ ಮಾತಿನಿಂದ ಕಮಿಷನ್ ಬರುವುದಿಲ್ಲ.

ಫೀಸು ಮತ್ತು ಫೈಲು

2018ರ ಡಿಸೆಂಬರ್‌ನಿಂದ ಸಾಲಿಸಿಟರ್ ಸಂಸ್ಥೆಗಳು ಮನೆ ವರ್ಗಾವಣೆಯ ದರವನ್ನು ತಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸಲೇಬೇಕು. ಆದರೂ ಜಾಹೀರಾತಿನ ಅಂಕಿ ನೋಡಿ ಮೋಸಹೋಗಬೇಡಿ. ಅದರ ಮೇಲೆ ಶೇ. 20 ವ್ಯಾಟ್, ಸರ್ಚ್ ಶುಲ್ಕ, ಲ್ಯಾಂಡ್ ರಿಜಿಸ್ಟ್ರಿ ಶುಲ್ಕ, ಬ್ಯಾಂಕ್ ವರ್ಗಾವಣೆ ಶುಲ್ಕ, ಲೀಸ್‌ಹೋಲ್ಡ್ ಆದರೆ ಹೆಚ್ಚುವರಿ, ಉಡುಗೊರೆಯ ಹಣವಿದ್ದರೆ ಇನ್ನೊಂದು ಹೆಚ್ಚುವರಿ ಎಂದು ಒಂದೊಂದಾಗಿ ಸೇರುತ್ತವೆ. ಎಲ್ಲ ಸೇರಿ ಎಷ್ಟು, ವ್ಯವಹಾರ ಮುರಿದುಬಿದ್ದರೆ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ತೀರಾ ಅಗ್ಗದ ದರ ಕೊಡುವ ಕಡೆ ಒಬ್ಬರ ಕೈಯಲ್ಲಿ ಫೈಲುಗಳು ರಾಶಿ ಬಿದ್ದಿರುತ್ತವೆ, ಪ್ರತಿ ಸಲವೂ ಬೇರೆಯವರು ಫೋನ್ ಎತ್ತುತ್ತಾರೆ. ನನ್ನ ಫೈಲು ನೋಡುವವರು ಯಾರು, ಅವರು ರಜೆ ಹೋದರೆ ಯಾರು, ಇಮೇಲಿಗೆ ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂದು ಮೊದಲ ಕರೆಯಲ್ಲೇ ಕೇಳಿ.

ಗೃಹಸಾಲ ಕೊಡುವ ಬ್ಯಾಂಕಿನ ಪಟ್ಟಿಯಲ್ಲಿ ಆ ಸಂಸ್ಥೆ ಇದೆಯೇ ಎಂಬುದೂ ಮುಖ್ಯ. ಸಾಮಾನ್ಯವಾಗಿ ಒಬ್ಬರೇ ಸಾಲಿಸಿಟರ್ ನಿಮಗೂ ಬ್ಯಾಂಕಿಗೂ ಕೆಲಸ ಮಾಡುತ್ತಾರೆ; ಪಟ್ಟಿಯಲ್ಲಿಲ್ಲದಿದ್ದರೆ ಬ್ಯಾಂಕಿನ ವಕೀಲರ ಫೀಸೂ ನಿಮ್ಮ ತಲೆಗೆ ಬೀಳಬಹುದು. ಎತ್ತರದ ಕಟ್ಟಡದ ಫ್ಲ್ಯಾಟ್ ಆದರೆ ಇನ್ನೊಂದು ಪ್ರಶ್ನೆ ಬೇಕು. 2017ರಲ್ಲಿ 72 ಜನರನ್ನು ಬಲಿ ತೆಗೆದುಕೊಂಡ ಗ್ರೆನ್‌ಫೆಲ್ ಟವರ್ ಬೆಂಕಿಯ ನಂತರ 2022ರಲ್ಲಿ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಬಂತು. ಅದರ ತೊಡಕುಗಳಿಗೆ ಹೆದರಿ ಇಂಥ ಫ್ಲ್ಯಾಟ್‌ಗಳ ಕೆಲಸವನ್ನೇ ಒಪ್ಪದ ಸಂಸ್ಥೆಗಳಿವೆ; ನೀವು ಒಪ್ಪುತ್ತೀರಾ ಎಂದು ಕೇಳಿ.

ಊರಿನಲ್ಲಿ ಮನೆಯಿದ್ದರೆ

ನಮ್ಮವರು ಎಡವುವುದು ಇಲ್ಲಿ. ಇಂಗ್ಲೆಂಡಿನ ಸ್ಟಾಂಪ್ ಡ್ಯೂಟಿ ಲೆಕ್ಕದಲ್ಲಿ ಮೊದಲ ಬಾರಿ ಮನೆ ಕೊಳ್ಳುವವರೆಂದರೆ ಜಗತ್ತಿನಲ್ಲಿ ಎಲ್ಲಿಯೂ ಎಂದೂ ಮನೆ ಹೊಂದಿರದವರು. ಮೈಸೂರಿನ ಫ್ಲ್ಯಾಟ್ ಕೂಡ ಲೆಕ್ಕಕ್ಕೆ ಬರುತ್ತದೆ. 4 ಲಕ್ಷ ಪೌಂಡ್‌ನ ಮನೆಯನ್ನು ತೆಗೆದುಕೊಳ್ಳಿ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಮೊದಲ ಬಾರಿ ಕೊಳ್ಳುವವರಿಗೆ ತೆರಿಗೆ 5,000 ಪೌಂಡ್, ರಿಯಾಯಿತಿಯಿಲ್ಲದವರಿಗೆ 10,000. ಬೇರೆಡೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆಯಿದ್ದರೆ ಶೇ. 5ರ ಹೆಚ್ಚುವರಿ ಸೇರಿ 30,000. ಗಂಡನ ಹೆಸರಿನಲ್ಲಿ ಮನೆಯಿದ್ದು ಹೆಂಡತಿ ಒಬ್ಬರೇ ಕೊಂಡರೂ ಈ ಹೆಚ್ಚುವರಿ ತಪ್ಪುವುದಿಲ್ಲ. ಖಾಲಿ ನಿವೇಶನ, ಹೊಲಗದ್ದೆಗಳು ಮನೆಯೆಂದು ಎಣಿಕೆಯಾಗುವುದಿಲ್ಲ. ತಂದೆಯಿಂದ ಬಂದ ಮನೆಯ ಪಾಲು, ಅವಿಭಕ್ತ ಕುಟುಂಬದ ಆಸ್ತಿ ಇದ್ದರೆ ವಿಚಾರ ಸೂಕ್ಷ್ಮ. ಅನೇಕ ಸಾಲಿಸಿಟರರು ತೆರಿಗೆ ಸಲಹೆ ತಮ್ಮ ಕೆಲಸವಲ್ಲ ಎಂದು ಒಪ್ಪಂದದಲ್ಲೇ ಬರೆದಿರುತ್ತಾರೆ. ಭಾರತದ ಆಸ್ತಿಯಿರುವ ಗಿರಾಕಿಗಳ ಫೈಲು ನೋಡಿದ್ದೀರಾ, ಇಲ್ಲದಿದ್ದರೆ ಯಾರನ್ನು ಕೇಳಬೇಕು ಎಂದು ಮೊದಲೇ ವಿಚಾರಿಸಿ. ಊರಿನ ಮನೆಯನ್ನು ಮುಚ್ಚಿಡುವ ಯೋಚನೆ ಬೇಡ. ದಂಡ ಕಟ್ಟಬೇಕಾದವರು ನೀವೇ.

ಹಣದ ಮೂಲವೂ ಅಷ್ಟೇ. ಅಪ್ಪ ಅಮ್ಮ ಊರಿನಿಂದ ಕಳಿಸಿದ ಹಣವಾದರೆ ಅವರ ಗುರುತಿನ ಪತ್ರ, ಬ್ಯಾಂಕ್ ವಿವರ, ಆ ಹಣ ಹೇಗೆ ಬಂತೆಂಬ ದಾಖಲೆ, ಇದು ಸಾಲವಲ್ಲ ಎಂಬ ಪತ್ರ ಎಲ್ಲವನ್ನೂ ಸಾಲಿಸಿಟರ್ ಕೇಳುತ್ತಾರೆ. ಅದು ಅಪನಂಬಿಕೆಯಲ್ಲ, ಹಣ ಅಕ್ರಮ ವರ್ಗಾವಣೆ ತಡೆಯ 2017ರ ನಿಯಮ. ಕನ್ನಡದಲ್ಲಿರುವ ಕ್ರಯಪತ್ರದ ಅನುವಾದವನ್ನು ಮುಂಚೆಯೇ ಮಾಡಿಸಿಟ್ಟುಕೊಂಡರೆ ವಾರಗಳು ಉಳಿಯುತ್ತವೆ.

ಹಣ ಕಳಿಸುವ ದಿನ

ವಂಚಕರು ಇಮೇಲ್‌ಗೆ ಕನ್ನ ಹಾಕಿ, ಸಾಲಿಸಿಟರರದೇ ಎನ್ನುವಂತೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಬರೆಯುತ್ತಾರೆ. ನಂಬಿ ಕಳಿಸಿದವರ ಜೀವಮಾನದ ಉಳಿತಾಯ ಹೋಗಿದೆ. ಖಾತೆಯ ವಿವರವನ್ನು ಆರಂಭದಲ್ಲೇ ಖಚಿತಪಡಿಸಿಕೊಳ್ಳಿ. ಹಣ ಕಳಿಸುವ ಮುನ್ನ ನಿಮ್ಮಲ್ಲಿ ಮೊದಲೇ ಇರುವ ನಂಬರಿಗೆ, ಇಮೇಲಿನಲ್ಲಿ ಬಂದ ನಂಬರಿಗಲ್ಲ, ಫೋನ್ ಮಾಡಿ ಓದಿಸಿ ಕೇಳಿ.

ಮಾರುವವರು

ಮಾರುವವರ ಸಾಲಿಸಿಟರ್ ಬೇರೆಯವರೇ ಇರಬೇಕು; ಎರಡೂ ಕಡೆಗೆ ಒಬ್ಬರೇ ನಿಲ್ಲುವುದಕ್ಕೆ ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ. ಮನೆ ಮಾರಾಟಕ್ಕಿಡುವ ಮುನ್ನವೇ ಅವರನ್ನು ನೇಮಿಸಿಕೊಂಡು ಆಸ್ತಿಯ ಮಾಹಿತಿ ನಮೂನೆ ತುಂಬಿಸಿದರೆ ಸಮಯ ಉಳಿಯುತ್ತದೆ. ನೆರೆಯವರೊಂದಿಗಿನ ಜಗಳ, ಹಿತ್ತಿಲಿನ ಜಪಾನೀಸ್ ನಾಟ್‌ವೀಡ್ ಕಳೆ, ಪ್ರವಾಹ ಎಲ್ಲದರ ಬಗ್ಗೆ ಅದರಲ್ಲಿ ಪ್ರಶ್ನೆಗಳಿವೆ. ಸುಳ್ಳು ಬರೆದರೆ ಮಾರಿದ ಮೇಲೂ ಪರಿಹಾರ ಕಟ್ಟಬೇಕಾಗುತ್ತದೆ. ಬೆಂಗಳೂರಿಗೆ ಮರಳಿದ ಮೇಲೆ ಮಾರುವವರು ಪತ್ರಕ್ಕೆ ಎಲ್ಲಿ, ಯಾರ ಸಾಕ್ಷಿಯಲ್ಲಿ ಸಹಿ ಹಾಕಬೇಕೆಂದು ಮೊದಲೇ ಕೇಳಿಕೊಳ್ಳಬೇಕು.

ಕೆಲಸ ಕೆಟ್ಟರೆ

ಮೊದಲ ದೂರು ಆ ಸಂಸ್ಥೆಗೇ, ಬರವಣಿಗೆಯಲ್ಲಿ. ಎಂಟು ವಾರದಲ್ಲಿ ಸಮಾಧಾನ ಸಿಗದಿದ್ದರೆ ಲೀಗಲ್ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ಸಾಲಿಸಿಟರ್ ಮತ್ತು ಲೈಸೆನ್ಸ್ಡ್ ಕನ್ವೇಯನ್ಸರ್ ಇಬ್ಬರ ಮೇಲಿನ ದೂರನ್ನೂ ಅಲ್ಲಿ ನೋಡುತ್ತಾರೆ, 50,000 ಪೌಂಡ್‌ವರೆಗೆ ಪರಿಹಾರ ಕೊಡಿಸಬಲ್ಲರು. ಸಂಸ್ಥೆಯ ಕೊನೆಯ ಉತ್ತರ ಬಂದ ಆರು ತಿಂಗಳೊಳಗೆ, ತಪ್ಪು ನಡೆದ ಅಥವಾ ತಿಳಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಅದಕ್ಕಾಗಿ ಮೊದಲ ದಿನದ ಒಪ್ಪಂದಪತ್ರದಿಂದ ಹಿಡಿದು ಪ್ರತಿ ಇಮೇಲನ್ನೂ ಒಂದೇ ಕಡೆ ಇಟ್ಟುಕೊಂಡಿರಿ.