ಸ್ಟೀರಿಂಗ್ ಒಳಗಿನ ಸುರುಳಿ (ವಸ್ತುಗಳ ಇತಿಹಾಸ, ಭಾಗ 9)

ವಿಡಿಯೋ ನೋಡ್ಕೊಂಡು ಮನೆ ಮುಂದೆನೇ ಕಾರಿನ ಸ್ಟೀರಿಂಗ್ ಬಿಚ್ಚೋರು ನಮ್ಮ ಏರಿಯಾದಲ್ಲೂ ಇದ್ದಾರೆ. ಕೆಳಗಿನ ಜಾಯಿಂಟ್ ಬಿಚ್ಚಿದಾಗ ವೀಲ್ ಲಾಕ್ ಮಾಡದೆ ಬಿಟ್ಟು, ಅದು ಸುಮ್ಮನೆ ನಾಲ್ಕೈದು ಸುತ್ತು ತಿರುಗಿದ್ರೆ ಕಥೆ ಮುಗೀತು. ಹಾರ್ನ್ ಬಂದ್, ಏರ್‌ಬ್ಯಾಗ್ ದೀಪ ಆನ್. ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

1960ರ ದಶಕದವರೆಗೂ ಸ್ಟೀರಿಂಗ್ ಕಾಲಂ ಅಂದ್ರೆ ಒಂದು ಗಟ್ಟಿ ಕಬ್ಬಿಣದ ಸರಳು. ಎದುರಿಂದ ಡಿಕ್ಕಿಯಾದ್ರೆ ಈಟಿ ಥರ ಡ್ರೈವರ್ ಎದೆಗೇ ನುಗ್ತಿತ್ತು. ಡಿಕ್ಕಿಯಲ್ಲಿ ಕುಸಿಯುವ ಕಾಲಂ ಜನರಲ್ ಮೋಟಾರ್ಸ್‌ನ 1967ರ ಮಾಡೆಲ್‌ಗಳಲ್ಲಿ ಬಂತು. ಮರುವರ್ಷ ಅಮೆರಿಕದಲ್ಲಿ ಅದು ಕಾನೂನೇ ಆಯ್ತು.

ಅದಕ್ಕೂ ಮೊದಲೇ, 1952ರಲ್ಲಿ, ಪೆನ್ಸಿಲ್ವೇನಿಯಾದ ಜಾನ್ ಹೆಟ್ರಿಕ್ ಹೆಂಡತಿ, ಮಗಳ ಜೊತೆ ಹೋಗ್ತಿದ್ದಾಗ ಕಾರು ರಸ್ತೆ ಬಿಟ್ಟು ಇಳೀತು. ಮಗಳಿಗೆ ಪೆಟ್ಟಾಗಬಾರದು ಅಂತ ಅಪ್ಪ ಅಮ್ಮ ಇಬ್ಬರೂ ಕೈ ಅಡ್ಡ ಚಾಚಿದರು. ಆ ಕೈಗಳ ಕೆಲಸವನ್ನ ಒಂದು ಗಾಳಿಚೀಲ ಮಾಡಿದ್ರೆ? 1953ರಲ್ಲಿ ಪೇಟೆಂಟ್ ಸಿಕ್ತು. ಆದ್ರೆ ಒತ್ತಿ ತುಂಬಿಟ್ಟ ಗಾಳಿ ತುಂಬಾ ನಿಧಾನ, ಚೀಲ ಕಣ್ಣು ಮಿಟುಕಿಸೋದರೊಳಗೆ ಉಬ್ಬಬೇಕು. ಅಲೆನ್ ಬ್ರೀಡ್ ಅವರ ಡಿಕ್ಕಿ ಸೆನ್ಸರ್, ಆಮೇಲೆ ಸೋಡಿಯಂ ಅಜೈಡ್‌ನಿಂದ ಥಟ್ಟನೆ ನೈಟ್ರೋಜನ್ ಹುಟ್ಟಿಸೋ ಉಪಾಯ, ಇವೆಲ್ಲ ಬರೋಕೆ ವರ್ಷಗಳೇ ಹಿಡಿದವು. ಜನ ಕೊಳ್ಳೋ ಕಾರಿಗೆ (ಓಲ್ಡ್ಸ್‌ಮೊಬೈಲ್ ಟೊರೊನಾಡೊ, 1973) ಏರ್‌ಬ್ಯಾಗ್ ಬಂದಾಗ ಹೆಟ್ರಿಕ್ ಪೇಟೆಂಟ್ ಅವಧಿನೇ ಮುಗಿದಿತ್ತು! ನಮ್ಮ ಬಿಕಾಂ ಪುಸ್ತಕದಲ್ಲಿ ಪೇಟೆಂಟ್ ಅಂದ್ರೆ ಆಸ್ತಿ.

ಈಗ ಸುರುಳಿ ವಿಷಯ. ಚೀಲ ಇರೋದು ತಿರುಗೋ ವೀಲ್‌ನಲ್ಲಿ, ಕರೆಂಟ್ ಬರೋದು ತಿರುಗದ ಕಾಲಂನಿಂದ. ಮಧ್ಯೆ ರಿಬ್ಬನ್ ಥರದ ತೆಳು ಕೇಬಲ್ ಗಡಿಯಾರದ ಸ್ಪ್ರಿಂಗ್ ಹಾಗೆ ಸುತ್ತಿಕೊಂಡಿರುತ್ತೆ. ಹೆಸರೇ ಕ್ಲಾಕ್ ಸ್ಪ್ರಿಂಗ್. ಅದಕ್ಕೆ ಎಣಿಸಿ ಕೊಟ್ಟ ಸುತ್ತುಗಳಷ್ಟೇ, ಮೀರಿದ್ರೆ ಹರಿಯುತ್ತೆ. ಇದು ಟೇಪ್ ಸುತ್ತಿ ಸರಿಮಾಡೋ ವೈರ್ ಅಲ್ಲ, ಹೊಸದೇ ಹಾಕಬೇಕು. ಬ್ಯಾಟರಿ ತೆಗೆದು, ಕಂಪನಿ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು, ಚಕ್ರ ನೇರ ಇಟ್ಟು, ಸುರುಳಿಯನ್ನ ಸರಿಯಾಗಿ ಮಧ್ಯಕ್ಕೆ ತಂದು. ತಿಳಿದವರೇ ಮಾಡಲಿ, ಯಾಕಂದ್ರೆ ಕೈ ಇಡ್ತಿರೋದು ಒಂದು ಪುಟ್ಟ ಸ್ಫೋಟಕದ ಪಕ್ಕ.

ನನಗೆ ಸಿಟ್ಟು ಬರೋದು ಇನ್ನೊಂದು ‘ರಿಪೇರಿ’ ಬಗ್ಗೆ. ಒಂದು ರೆಸಿಸ್ಟರ್ ಹಾಕಿ ದೀಪ ಆರಿಸಿ ಕಾರು ಮಾರೋದು. ಕೊಂಡವರಿಗೆ ಎಲ್ಲಾ ಸರಿ ಇದೆ ಅನ್ಸುತ್ತೆ, ಡಿಕ್ಕಿಯಾದಾಗ ಚೀಲ ಬರಲ್ಲ. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈನಿಂದ, ಆ ಕಾರುಗಳು ಈಗ ಸೆಕೆಂಡ್ ಹ್ಯಾಂಡ್ ಆಗಿ ಬರ್ತಿವೆ. ಕೊಳ್ಳೋ ಮುಂಚೆ ಕೀ ಆನ್ ಮಾಡಿ ನೋಡಿ: ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದ್ರೂ ಅನುಮಾನ ಪಡಿ. ಸರಿಯಾಗಿ ಆರಿದ್ರೂ ರೆಸಿಸ್ಟರ್ ಇರಬಹುದು, ಅದಕ್ಕೆ ವೀಲ್ ಬಿಚ್ಚಿದ್ರಾ ಅಂತ ಸರ್ವೀಸ್ ದಾಖಲೆ ಕೇಳಿ.

ಭಾಗ 10: ಸೀಟ್ ಬೆಲ್ಟ್.